ಉಗುರಿನ ಶಾಸನ

ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯ ಬಮ್ಮವೆ ನಾಯಕಿತಿಯೆಂಬ ಹೆಣ್ಣುಮಗಳು 1171ರಲ್ಲಿ ಕಟ್ಟಿಸಿದ್ದು. ನಮ್ಮ ಸೋದರತ್ತೆ ಅಲ್ಲಿಗೆ ಹೋದಾಗ ತೀರ್ಥಕ್ಕೆ ಕೈ ಚಾಚುತ್ತಿರಲಿಲ್ಲ. ಸೆರಗಿನಲ್ಲಿ ಬೆರಳು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಎಳೆತನದಿಂದಲೂ ಅವರ ಉಗುರು ಕೊಂಬಿನಂತೆ ದಪ್ಪ. ಅಂಗಾಲು ಗಡುಸಾಗಿ, ಹೆಜ್ಜೆಯಿಟ್ಟರೆ ನೋವು. ನಾಗದೋಷವೆಂದರು ಕೆಲವರು, ಅಂಟುರೋಗವೆಂದರು ಕೆಲವರು.

ಎರಡೂ ಅಲ್ಲ. ಈ ವ್ಯಾಧಿಯನ್ನು 1906ರಲ್ಲಿ ಯಾಡಾಸ್ಸೋನ್ ಮತ್ತು ಲೆವಾಂಡೊವ್ಸ್ಕಿ ಎಂಬ ಚರ್ಮವೈದ್ಯರು ಒಬ್ಬ ಹುಡುಗಿ ಹಾಗೂ ಅವಳ ತಮ್ಮನಲ್ಲಿ ಕಂಡು ವಿವರಿಸಿದರು. ಪ್ಯಾಕಿಯೋನಿಕಿಯಾ ಕಂಜೆನಿಟಾ ಎಂದು ಅದರ ಹೆಸರು. 'ಹುಟ್ಟಿನೊಡನೆ ಬಂದ ದಪ್ಪ ಉಗುರು' ಎಂದಷ್ಟೇ ಅರ್ಥ. ಚರ್ಮಕ್ಕೂ ಉಗುರಿಗೂ ಗಟ್ಟಿತನ ಕೊಡುವ ಕೆರಾಟಿನ್ ಎಂಬ ಪ್ರೋಟೀನಿನ ಜೀನುಗಳಲ್ಲಿ ದೋಷವಿದೆಯೆಂದು 1995ರಲ್ಲಿ ಗೊತ್ತಾಯಿತು. ತಾಯಿ ತಂದೆಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಇದಕ್ಕೂ ಅರಿವಳಿಕೆಗೂ ಏನು ನಂಟು? 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಪ್ರಯೋಗವಾಯಿತು. ಮರುವರ್ಷವೇ ಅದು ಕಲ್ಕತ್ತೆಗೆ ಬಂತು. ಕ್ಲೋರೋಫಾರಂ ಕೊಡುವಾಗ ನೋಡಬೇಕಾದದ್ದು ಉಸಿರನ್ನೋ ನಾಡಿಯನ್ನೋ ಎಂಬ ವಾದಕ್ಕೆ 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಆಯೋಗಗಳೇ ಕುಳಿತವು. ತುಟಿ, ಉಗುರು ನೀಲಿಗಟ್ಟಿದರೆ ಆಮ್ಲಜನಕ ಸಾಲದೆಂಬುದು ವೈದ್ಯರು ಬಲ್ಲ ಹಳೆಯ ಗುರುತು. ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ದಾರಿಯನ್ನು 1974ರಲ್ಲಿ ಜಪಾನಿನ ತಾಕುವೊ ಅವೊಯಾಗಿ ತೋರಿದರು. ಬೆರಳಿಗೆ ಕಚ್ಚಿಸುವ ಪಲ್ಸ್ ಆಕ್ಸಿಮೀಟರ್ ಬೆರಳ ತುದಿಯ ಮೂಲಕ ಬೆಳಕು ಹಾಯಿಸಿ ಅಳೆಯುತ್ತದೆ. ಉಗುರೇ ದಪ್ಪವಾಗಿದ್ದರೆ ಆ ಬೆಳಕು ಸರಿಯಾಗಿ ಹಾಯುವುದು ಹೇಗೆ?

ಅತ್ತೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಗೊತ್ತಾದಾಗ ಅವರು ಮಾಡಿದ ಮೊದಲ ಕೆಲಸ ಉಗುರು ಕಾಣದಂತೆ ಗೋರಂಟಿ ಹಚ್ಚಿಕೊಂಡದ್ದು. ಅರಿವಳಿಕೆಯ ವೈದ್ಯೆ ಕೈ ಹಿಡಿದು ನೋಡಿ, "ಅಮ್ಮಾ, ಇದು ನಿಮ್ಮ ಮನೆಯಲ್ಲಿ ಬೇರೆ ಯಾರಿಗಿದೆ?" ಎಂದರು. ಅತ್ತೆ ಬಾಯಿ ಬಿಡಲಿಲ್ಲ. "ಅವಳ ಮಗಳಿಗೂ ಇದೆ" ಎಂದು ನಾನೇ ಹೇಳಿದೆ. ಅವರ ಗೊಗ್ಗರು ದನಿ ಕೇಳಿ ವೈದ್ಯೆ ಗಂಟಲನ್ನೂ ಪರೀಕ್ಷಿಸಿದರು. ಈ ವ್ಯಾಧಿಯಲ್ಲಿ ಕೆಲವರಿಗೆ ಧ್ವನಿಪೆಟ್ಟಿಗೆಯ ಒಳಪದರವೂ ದಪ್ಪವಾಗುವುದುಂಟು. ಉಸಿರಿನ ನಳಿಕೆ ಇಳಿಸುವವರಿಗೆ ಅದು ಮೊದಲೇ ತಿಳಿದಿರಬೇಕು. ಮರುದಿನ ಯಂತ್ರವನ್ನು ಕಿವಿಯ ಹಾಲೆಗೆ ಕಚ್ಚಿಸಿದರು. ಎಲ್ಲವೂ ಸುಸೂತ್ರವಾಯಿತು.

ಕಲ್ಲಿನ ಶಾಸನದ ವಂಶಾವಳಿಯನ್ನು ಓದಿ ಹೆಮ್ಮೆಪಡುತ್ತೇವೆ, ಮೈಮೇಲಿನದನ್ನು ಮುಚ್ಚಿಡುತ್ತೇವೆ. ವೈದ್ಯೆ ಬರೆದುಕೊಟ್ಟ ಚೀಟಿ ಈಗ ಅತ್ತೆಯ ಬೀರುವಿನಲ್ಲಿದೆ. ಅದರ ಒಂದು ಪ್ರತಿಯನ್ನು ಮಗಳಿಗೆ ಅವರೇ ಕಳಿಸಿದರು.