ಹಂಚು ಕಾಯದೆ ಬೇಯುವ ಬಗೆ



ರೊಟ್ಟಿ ಬೇಯುವುದನ್ನು ನೀವು ದಿನವೂ ನೋಡುತ್ತೀರಿ. ಮೊದಲು ಹಂಚು ಕಾಯಬೇಕು, ಆಮೇಲೆ ರೊಟ್ಟಿಯ ಮೈ, ಕೊನೆಗೆ ಒಳಭಾಗ. ಹಂಚನ್ನು ಬಿಟ್ಟು ರೊಟ್ಟಿಯನ್ನಷ್ಟೇ ಕಾಯಿಸಲು ಬಂದರೆ ಎಷ್ಟು ಸೌದೆ ಉಳಿದೀತು! ಅಂಥ ಬಿಸಿಯ ಕತೆ ಇದು.

1940ರಲ್ಲಿ, ಯುದ್ಧಕಾಲದಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬಿಬ್ಬರು ರಾಡಾರಿಗಾಗಿ ಪ್ರಬಲವಾದ ಮ್ಯಾಗ್ನೆಟ್ರಾನ್ ಕೊಳವೆಯನ್ನು ಮಾಡಿದರು. ಅದೇ ವರ್ಷ ಅದು ಅಮೆರಿಕ ಸೇರಿತು. ಅಲ್ಲಿ ರೇಥಿಯನ್ ಕಂಪನಿಯಲ್ಲಿದ್ದ ಪರ್ಸಿ ಸ್ಪೆನ್ಸರ್, ಅದರ ಬಳಿ ನಿಂತಾಗ ಜೇಬಿನ ಮಿಠಾಯಿ ಕರಗಿದ್ದನ್ನು ಕಂಡು 'ಯಾಕೆ?' ಎಂದು ಕೇಳಿಕೊಂಡರಂತೆ. 1945ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1950ರಲ್ಲಿ ಅದು ಸಿಕ್ಕಿತು. ಈತ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಗಿರಣಿ ಸೇರಿದವರು. ಮೆಟ್ರಿಕ್ ಮುಗಿಸಿ ಬ್ಯಾಂಕಿನ ಲೆಡ್ಜರ್ ಬರೆದ ನನಗೆ ಅವರ ಮೇಲೆ ಅದಕ್ಕೇ ಅಭಿಮಾನ.

ಈಗ ವಿಮಾನದ ಮಾತು. ಸೊಲ್ಲಾಪುರದ ಚಾದರದಂತೆ ಗಾಜಿನ ಅಥವಾ ಇಂಗಾಲದ ಎಳೆಗಳನ್ನು ನೇಯ್ದು, ರಾಳ ಕುಡಿಸಿ, ಬಿಸಿಯಲ್ಲಿ ಗಟ್ಟಿ ಮಾಡಿದರೆ ಹಗುರವೂ ಬಲವೂ ಉಳ್ಳ ಹಲಗೆಯಾಗುತ್ತದೆ. ಇದೇ ಕಾಂಪೋಸಿಟ್. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಗಳಲ್ಲೂ ಇದಿದೆ. ಇದನ್ನು ಬೇಯಿಸುವುದು ಆಟೋಕ್ಲೇವ್‌ನಲ್ಲಿ. ನಮ್ಮ ಕುಕ್ಕರಿನ ದೊಡ್ಡಣ್ಣ ಎನ್ನಿ. ಆದರೆ ಅಲ್ಲಿ ಗೋಡೆ, ಗಾಳಿ, ಅಚ್ಚು ಎಲ್ಲವೂ ಕಾಯಬೇಕು.

ಮೈಕ್ರೋವೇವ್ ಅಲೆ ಹಾಗಲ್ಲ. ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತಾ ಅದು ರಾಳದ ಒಳಕ್ಕೇ ನುಗ್ಗಿ ಅಲ್ಲೇ ಬಿಸಿ ಹುಟ್ಟಿಸುತ್ತದೆ. ಗಾಜಿನ ಎಳೆ ಅದಕ್ಕೆ ದಾರಿ ಬಿಡುತ್ತದೆ. ಇಂಗಾಲದ ಎಳೆ ಮಾತ್ರ ವಿದ್ಯುತ್ ಹರಿಸುವಂಥದ್ದು. ತುದಿಗಳಲ್ಲಿ ಕಿಡಿ ಹಾರಬಹುದು. ಮನೆಯ ಓವನ್ನಿನಲ್ಲಿ ಅನ್ನ ಒಂದು ಕಡೆ ಸುಡು, ಒಂದು ಕಡೆ ತಣ್ಣಗೆ ಇರುವಂತೆ ಹಲಗೆಯೂ ಏರುಪೇರಾಗಿ ಬೆಂದರೆ ವಿಮಾನಕ್ಕೆ ಅಪಾಯ. ಅದಕ್ಕಾಗಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಬಿಸಿ ಸಮನಾಗಿ ಹಂಚಿಹೋಗಲೆಂದು ಆರು ಮೂಲೆಯ ಗೂಡನ್ನು ಕಟ್ಟಿದರು. 'ಹೆಫೈಸ್ಟೋಸ್' ಎಂಬ ಗ್ರೀಕರ ಕಮ್ಮಾರದೇವರ ಹೆಸರನ್ನೇ ಅದಕ್ಕಿಟ್ಟರು. ಆದರೂ ಪದರಗಳ ನಡುವಿನ ಗುಳ್ಳೆಗಳನ್ನು ಒತ್ತಿ ತೆಗೆಯುವ ಬಲ ಅಲೆಗಿಲ್ಲ. ಹಾಗಾಗಿ ಆಟೋಕ್ಲೇವ್ ಇನ್ನೂ ಮೂಲೆ ಸೇರಿಲ್ಲ.

ಬಂಧುಗಳೇ, ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡುವ ನಮ್ಮ ಗಡಿಯ ಮಕ್ಕಳು 'ಯಾಕೆ?' ಎಂದರೆ ಗದರಬೇಡಿ. ಯಾವ ಭಾಷೆಯಲ್ಲಿ ಕೇಳಿದರೂ ಪ್ರಶ್ನೆ ಪ್ರಶ್ನೆಯೇ. ಕರಗಿದ ಮಿಠಾಯಿ ನೋಡಿ ಸ್ಪೆನ್ಸರ್ ಕೇಳಿದ್ದೂ ಅಷ್ಟೇ ತಾನೆ?