ಮಲಪ್ರಭೆಯ ಸೀಮೆಯಲ್ಲಿ ಗರಗಸ ಮತ್ತು ಅರ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿದು ಸಂಗೊಳ್ಳಿಯನ್ನು ಮುಟ್ಟುವ ಹೊತ್ತಿಗೆ ಮಲೆನಾಡಿನ ದಟ್ಟ ಕಾಡು ಹಿಂದುಳಿದು ಎರೆಭೂಮಿಯ ಬಯಲು ತೆರೆದುಕೊಂಡಿರುತ್ತದೆ. ಕಿತ್ತೂರಿನ ಪಡುವಣಕ್ಕೆ ಸಾಗವಾನಿ, ಮತ್ತಿ, ಹೊನ್ನೆಗಳು ಬೆಳೆಯುವ ಕಾಡಿನ ಸೆರಗಿದ್ದರೆ, ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗಗಳವರೆಗೆ ಜಾಲಿ, ಬೇವು, ಹುಣಸೆಗಳೇ ರೈತನ ಕೈಗೆ ಸಿಗುವ ಮರಗಳು. ಹೀಗೆ ಎರಡು ಬಗೆಯ ಮರಗಳ ನಡುವೆ ಬೆಳೆದ ಈ ಸೀಮೆಯ ಮರಗೆಲಸದ ಇತಿಹಾಸವನ್ನು ಕಟ್ಟಡಗಳ ತೊಲೆ, ಬಾಗಿಲುಗಳಲ್ಲಷ್ಟೇ ಹುಡುಕಿದರೆ ಸಾಲದು. ಆ ತೊಲೆಗಳನ್ನು ಕೊಯ್ದ ಉಪಕರಣದ ಹಲ್ಲುಗಳನ್ನು ಯಾರು, ಹೇಗೆ ಹರಿತವಾಗಿ ಇಟ್ಟರು ಎಂಬುದನ್ನೂ ಕೇಳಬೇಕಾಗುತ್ತದೆ.

ಹಳ್ಳಿಯ ಆಯಗಾರ ವ್ಯವಸ್ಥೆಯಲ್ಲಿ, ಅಂದರೆ ವರ್ಷವಿಡೀ ಮಾಡಿದ ಸೇವೆಗೆ ಸುಗ್ಗಿಯ ರಾಶಿಯಲ್ಲಿ ಧಾನ್ಯದ ಪಾಲು ಪಡೆಯುವ ಏರ್ಪಾಟಿನಲ್ಲಿ, ಬಡಿಗ ಮತ್ತು ಕಂಬಾರ ಇಬ್ಬರ ಕೆಲಸಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ರಂಟೆ, ಕುಂಟೆ, ಬಿತ್ತನೆಯ ಕೂರಿಗೆ, ಚಕ್ಕಡಿಯ ಗಾಲಿ ಇವುಗಳಿಗೆ ಬಡಿಗನು ಆರಿಸುತ್ತಿದ್ದುದು ಹೆಚ್ಚಾಗಿ ಜಾಲಿಯನ್ನು. ಅದರ ಕೆಂಪು ತಿರುಳು ಗಟ್ಟಿಯಾದುದು ಮತ್ತು ಪೆಟ್ಟನ್ನು ತಡೆಯುವಂಥದು, ಆದರೆ ಒಣಗಿದ ಮೇಲೆ ಬಾಚಿಯ ಬಾಯನ್ನು ಬೇಗನೆ ಮುರಿಯುವಂಥದೂ ಹೌದು. ಮೊಂಡಾದ ಕೊಡಲಿ, ಬಾಚಿಗಳು ಕಂಬಾರನ ಕುಲುಮೆಗೆ ಹೋಗಿ, ಕೆಂಪಗೆ ಕಾದು, ಬಡಿಸಿಕೊಂಡು, ನೀರಿನಲ್ಲಿ ಅದ್ದಿಸಿಕೊಂಡು ಹಿಂದಿರುಗುತ್ತಿದ್ದವು. ಗರಗಸದ ರೀತಿ ಬೇರೆ. ತೆಳುವಾದ ಅದರ ಪಟ್ಟಿಯನ್ನು ಪ್ರತಿ ಸಲ ಕುಲುಮೆಗೆ ಹಾಕುವಂತಿರಲಿಲ್ಲವಾದ್ದರಿಂದ, ಅದರ ಹಲ್ಲುಗಳಿಗೆ ಕೊಯ್ಯುವವನೇ ಕೆಲಸದ ಜಾಗದಲ್ಲಿ ಕುಳಿತು ಅರ ಹಾಕಬೇಕಾಗಿತ್ತು.

ದಿಮ್ಮಿಯನ್ನು ಹಲಗೆಯಾಗಿ ಸೀಳಲು ಬಳಸುತ್ತಿದ್ದುದು ಇಬ್ಬರು ಎಳೆಯುವ ಉದ್ದ ಗರಗಸ. ದಿಮ್ಮಿಯನ್ನು ಕಟ್ಟಿಗೆಯ ಅಟ್ಟಣಿಗೆಯ ಮೇಲೋ ಕುಣಿಯ ಮೇಲೋ ಇರಿಸಿ, ಬಣ್ಣದಲ್ಲಿ ಅದ್ದಿದ ದಾರವನ್ನು ಮಿಡಿದು ಗೆರೆ ಮೂಡಿಸಿ, ಒಬ್ಬನು ಮೇಲೆ ನಿಂತು ಗೆರೆ ತಪ್ಪದಂತೆ ನೋಡಿಕೊಳ್ಳುತ್ತಿದ್ದರೆ ಇನ್ನೊಬ್ಬನು ಕೆಳಗಿನಿಂದ ಎಳೆಯುತ್ತಿದ್ದನು. ಈ ಗರಗಸದ ಹಲ್ಲುಗಳನ್ನು ಮುಮ್ಮೂಲೆಯ ಅರದಿಂದ ಮಸೆದ ಮೇಲೆ ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಕೊಂಚ ಬಾಗಿಸುವ ರೂಢಿಯಿತ್ತು. ಹಾಗೆ ಬಾಗಿಸಿದಾಗ ಕೊಯ್ತದ ಸೀಳು ಪಟ್ಟಿಯ ದಪ್ಪಕ್ಕಿಂತ ಅಗಲವಾಗಿ, ಮರವು ಗರಗಸವನ್ನು ಕಚ್ಚಿ ಹಿಡಿಯುವುದಿಲ್ಲ. ಒಂದು ಬದಿಯ ಹಲ್ಲುಗಳು ಇನ್ನೊಂದು ಬದಿಗಿಂತ ಉದ್ದವಾಗಿ ಅಥವಾ ಹೆಚ್ಚು ಹರಿತವಾಗಿ ಉಳಿದರೆ ಕೊಯ್ತವು ಆ ಬದಿಗೇ ವಾಲಿ, ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳುವಾಗಿ ಕೆಡುತ್ತದೆ. ಉದುರುವ ಪುಡಿಯನ್ನು ನೋಡಿ ಹಲ್ಲಿನ ಸ್ಥಿತಿಯನ್ನು ತಿಳಿಯುವ ಜಾಣ್ಮೆಯನ್ನು ಬೆಳೆಸಿದವರು ಇಂಥ ಜೋಡಿ ಕೊಯ್ಲುಗಾರರೇ ಆಗಿದ್ದು, ಇತಿಹಾಸದ ಪುಟಗಳು ಅವರಿಗೆ ಕೊಟ್ಟಿರುವ ಜಾಗ ತೀರ ಕಡಿಮೆ.

ಕಿತ್ತೂರು ಸಂಸ್ಥಾನದ ಪತನದ ನಂತರ 1830ರಲ್ಲಿ ಸಂಗೊಳ್ಳಿ ರಾಯಣ್ಣನ ಪಡೆಗೆ ಆಸರೆಯಾದ ಕಾಡು, ಅವನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಮೇಲೆ ಬಹುಕಾಲ ಹಾಗೆಯೇ ಉಳಿಯಲಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡನು. 1865 ಮತ್ತು 1878ರ ಕಾಯ್ದೆಗಳು ಕಾಡಿನ ಮೇಲಿನ ಒಡೆತನವನ್ನು ಸರ್ಕಾರದ ಕೈಗೆ ತಂದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಧಾರವಾಡ, ಅಳ್ನಾವರ, ಲೋಂಡಾಗಳ ಮೂಲಕ ಗೋವೆಯ ಕಡೆಗೆ ಸಾಗಿದಾಗ, ಹಳಿಯ ಕೆಳಗೆ ಹಾಸುವ ಮರದ ಸ್ಲೀಪರುಗಳಿಗೂ ಹೊರಗೆ ಕಳಿಸುವ ನಾಟಾಕ್ಕೂ ಒಮ್ಮೆಲೆ ಬೇಡಿಕೆ ಬಂದಿತು. ಆಯದ ಲೆಕ್ಕದಲ್ಲಿ ನಡೆಯುತ್ತಿದ್ದ ಮರ ಕೊಯ್ಯುವ ಕೆಲಸ ಗುತ್ತಿಗೆಯ ಕೂಲಿಯಾಗುವ ದಾರಿ ತೆರೆದುದು ಈ ಘಟ್ಟದಲ್ಲಿ. ಮುಂದೆ ಪಟ್ಟಣಗಳಿಗೆ ಸಾ ಮಿಲ್ಲುಗಳು ಬಂದು ಸೀಳುವ ಕೆಲಸವನ್ನು ತೆಗೆದುಕೊಂಡವಾದರೂ, ಮರವನ್ನು ನಿಂತಲ್ಲೇ ಉರುಳಿಸಿ ತುಂಡರಿಸುವ ಕೆಲಸ ಕೊಡಲಿ, ಕೈಗರಗಸಗಳಿಗೇ ಉಳಿಯಿತು.

ಆ ಕೆಲಸವನ್ನು ಬದಲಿಸಿದ ಚೈನ್ ಸಾ ಬೆಳೆದುದು ದೂರದ ನಾಡುಗಳಲ್ಲಿ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನ ಚೈನ್ ಸಾವನ್ನು ರೂಪಿಸಿದನು. ಅದನ್ನು ಹಿಡಿಯಲು ಇಬ್ಬರು ಬೇಕಾಗಿತ್ತು. ಅವನ ಕಂಪನಿಯ, ಒಬ್ಬನೇ ಹಿಡಿಯಬಹುದಾದ ಪೆಟ್ರೋಲ್ ಯಂತ್ರ 1950ರಲ್ಲಿ ಬಂದಿತು, ತೂಕ 16 ಕಿಲೋಗ್ರಾಂ. ಆದರೆ ಯಂತ್ರಕ್ಕಿಂತ ಮುಖ್ಯವಾದ ಬದಲಾವಣೆ ಹಲ್ಲಿನಲ್ಲಿ ಆಯಿತೆನ್ನಬೇಕು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಬುಫೋರ್ಡ್ ಕಾಕ್ಸ್ 1946ರಲ್ಲಿ ಮರ ಕೊರೆಯುವ ಜೀರುಂಡೆಯ ಮರಿಹುಳು ತನ್ನ ದವಡೆಗಳನ್ನು ಎಡಬಲಕ್ಕೆ ಆಡಿಸುತ್ತ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಸಾಗುವುದನ್ನು ಗಮನಿಸಿ, ಬಾಗಿದ ಅಂಚಿನ ಎಡಹಲ್ಲು ಬಲಹಲ್ಲುಗಳು ಸರದಿಯಂತೆ ಬರುವ ಚೈನನ್ನು ಮಾಡಿದನು. ಹಳೆಯ ಗರಗಸದ ಎಡಬಲ ಹಲ್ಲುಗಳ ತತ್ತ್ವವೇ ಹೀಗೆ ಹೊಸ ಆಕಾರದಲ್ಲಿ ಯಂತ್ರವನ್ನು ಸೇರಿತು. ಅದರೊಡನೆ ಹಳೆಯ ದೋಷಗಳೂ ಸೇರಿದವು.

ಚೈನ್ ಒಂದೇ ಬದಿಗೆ ಎಳೆಯುತ್ತಿದ್ದರೆ ಎಡ ಮತ್ತು ಬಲ ಹಲ್ಲುಗಳಿಗೆ ಅರ ಸಮನಾಗಿ ಬಿದ್ದಿಲ್ಲವೆಂದೇ ಮೊದಲು ಶಂಕಿಸಬೇಕಾಗುತ್ತದೆ. ಎಲ್ಲ ಹಲ್ಲುಗಳನ್ನೂ ಅತಿ ಗಿಡ್ಡ ಹಲ್ಲಿನ ಅಳತೆಗೆ ತಂದು, ಸಾಮಾನ್ಯವಾಗಿ 30 ಡಿಗ್ರಿಯ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ಅರವನ್ನು ತಳ್ಳುವುದು ಇದಕ್ಕೆ ಪರಿಹಾರ. ಇಲ್ಲಿ ಮುಮ್ಮೂಲೆಯ ಅರ ನಡೆಯದು; ಚೈನಿನ ಅಳತೆಗೆ ತಕ್ಕಂತೆ 4 ಅಥವಾ 4.8 ಮಿಲಿಮೀಟರ್ ದಪ್ಪದ ಗುಂಡು ಅರ ಬೇಕು. ಹಲ್ಲು ಹರಿತವಿದ್ದೂ ಯಂತ್ರ ಮರವನ್ನು ಕೊಯ್ಯದಿದ್ದರೆ ತಪ್ಪು ಹಲ್ಲಿನ ಮುಂದಿರುವ ಚಿಕ್ಕ ಚಾಚಿನಲ್ಲಿರಬಹುದು. ಡೆಪ್ತ್ ಗೇಜ್ ಎಂದು ಕರೆಯಲಾಗುವ ಈ ಚಾಚು ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ನಿರ್ಧರಿಸುತ್ತದೆ. ಸಾಧಾರಣವಾಗಿ ಹಲ್ಲಿನ ಅಂಚಿಗಿಂತ 0.65 ಮಿಲಿಮೀಟರಿನಷ್ಟು ತಗ್ಗಿರಬೇಕಾದ ಅದು ಮೇಲೆಯೇ ಉಳಿದರೆ ಹಲ್ಲು ಜಾರುತ್ತದೆ, ಅತಿಯಾಗಿ ತಗ್ಗಿಸಿದರೆ ಯಂತ್ರ ಮರಕ್ಕೆ ಎರಗಿ ಹಿಂದಕ್ಕೆ ಪುಟಿದು ಜೀವಕ್ಕೇ ಅಪಾಯ ತರುತ್ತದೆ.

ಎರೆನಾಡಿನಲ್ಲಿ ಚೈನ್ ಮೊಂಡಾಗಲು ಜಾಲಿಯ ತಿರುಳಿನಷ್ಟೇ ನೆಲವೂ ಕಾರಣ. ಇಲ್ಲಿಯ ಕಪ್ಪು ಮಣ್ಣಿನಲ್ಲಿ ಸುಣ್ಣದ ಗಟ್ಟಿ ಹರಳುಗಳು ಬೆರೆತಿರುತ್ತವೆ. ಚಕ್ಕಡಿ ದಾರಿಯ ಬದಿಯ ಮರಗಳ ಒರಟು ತೊಗಟೆಯಲ್ಲಿ ವರ್ಷಗಳ ಧೂಳು ಕೂತಿರುತ್ತದೆ. ಉರುಳಿದ ದಿಮ್ಮಿಯನ್ನು ನೆಲದ ಮೇಲೆಯೇ ತುಂಡರಿಸುವಾಗ ಚೈನ್ ಒಂದು ಕ್ಷಣ ಮಣ್ಣಿಗೆ ತಗುಲಿದರೂ ಅರ ಹಾಕಿದ ಶ್ರಮವೆಲ್ಲ ಹೋಗುತ್ತದೆ. ಹರಿತ ಹಲ್ಲು ಚಕ್ಕೆಗಳನ್ನು ಉದುರಿಸುತ್ತದೆ, ಮೊಂಡ ಹಲ್ಲು ನುಣ್ಣನೆಯ ಹಿಟ್ಟನ್ನು. ಹಿಟ್ಟು ಕಂಡ ಮೇಲೂ ಯಂತ್ರವನ್ನು ಒತ್ತಿ ನಡೆಸಿದರೆ ಚೈನ್ ಓಡುವ ಪಟ್ಟಿ ಕಾದು ಹೊಗೆಯಾಡುತ್ತದೆ. ಆಗ ಅರದೊಡನೆ ಎಣ್ಣೆಯ ದಾರಿಯನ್ನೂ ನೋಡಬೇಕು, ಏಕೆಂದರೆ ಎಣ್ಣೆ ಹೊರಬರುವ ತೂತು ಇದೇ ಹಿಟ್ಟಿನಿಂದ ಮುಚ್ಚಿಹೋಗಿರುವುದುಂಟು. ಹಲ್ಲುಗಳೆಲ್ಲ ಸಮವಾಗಿದ್ದೂ ಕೊಯ್ತ ವಾಲುತ್ತಿದ್ದರೆ, ಪಟ್ಟಿಯಲ್ಲಿ ಚೈನ್ ಕೂರುವ ಸೀಳಿನ ಎರಡು ಅಂಚುಗಳು ಏರುಪೇರಾಗಿ ಸವೆದಿವೆಯೆಂದು ತಿಳಿದು, ಚಪ್ಪಟೆ ಅರದಿಂದ ಅವನ್ನು ಒಂದೇ ಮಟ್ಟಕ್ಕೆ ತರಬೇಕಾಗುತ್ತದೆ; ಅಂಚುಗಳು ಅತಿಯಾಗಿ ಸವೆದಿದ್ದರೆ ಪಟ್ಟಿಯನ್ನೇ ಬದಲಿಸುವುದು ಅನಿವಾರ್ಯ.