ನೀರಿಲ್ಲದಾಗಲೂ ಕೆರೆ: ಹೆಬ್ಬಗೋಡಿಯ ಭೂಮಾಹಿತಿಗೆ ಒಂದು ಅರ್ಥಮಾದರಿ

ಭೂಮಾಹಿತಿ ವ್ಯವಸ್ಥೆಗಳಲ್ಲಿ ಕೆರೆಗೆ ಒಂದೇ ಎಲ್ಲೆ ಎಳೆದು ‘ಜಲಕಾಯ’ ಎಂದು ನಮೂದಿಸುವುದು ರೂಢಿ. ಹೊಸೂರು ರಸ್ತೆಯ ಕೈಗಾರಿಕಾ ಪ್ರದೇಶಕ್ಕೆ ಸೇರಿದ, ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿಯಂಥ ಊರಿಗೆ ಈ ರೂಢಿ ಸಾಲದು ಎಂಬುದು ಈ ಲೇಖನದ ವಾದ.

ಇಲ್ಲಿ ಕೆರೆಯನ್ನು ಅರಿಯಲು ಎರಡು ಮುಖ್ಯ ಆಕರಗಳಿವೆ. ಒಂದು ಕಂದಾಯ ದಾಖಲೆ. ಗ್ರಾಮ ನಕ್ಷೆಯಲ್ಲಿ ಕೆರೆ, ಹಳ್ಳ, ಬಂಡಿದಾರಿಗಳು ಸರ್ವೆ ನಂಬರುಗಳ ನಡುವೆ ಗುರುತಾಗಿರುತ್ತವೆ. ಸಾರ್ವಜನಿಕ ಬಳಕೆಯ ಜಾಗ ‘ಬಿ ಖರಾಬು’ ಎನಿಸುತ್ತದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತದೆ. ಇನ್ನೊಂದು ಉಪಗ್ರಹ ಚಿತ್ರ. ಮೆಕ್‌ಫೀಟರ್ಸ್ 1996ರಲ್ಲಿ ಮಂಡಿಸಿದ ಜಲ ಸೂಚ್ಯಂಕವು ಹಸಿರು ಮತ್ತು ಸಮೀಪ ಅವಗೆಂಪು ಕಿರಣಗಳ ಪ್ರತಿಫಲನವನ್ನು ಹೋಲಿಸಿ ನೀರನ್ನು ಪತ್ತೆಮಾಡುತ್ತದೆ. ಕೆರೆಯ ತುಂಬ ಅಂತರಗಂಗೆ ಹಬ್ಬಿದರೆ ಇದೇ ಲೆಕ್ಕ ಅದನ್ನು ನೀರಿನಿಂದ ಹೊರಗಿಡುತ್ತದೆ. ಬೇಸಿಗೆಯಲ್ಲಿ ಬತ್ತಿದರೆ ಕೆರೆಯಂಗಳ ಬರಿ ಬಯಲು.

ಅಳತೆಯ ವಿಷಯದಲ್ಲಿ ಎರಡೂ ಆಕರಗಳು ಅಚ್ಚರಿಯಾಗುವಷ್ಟು ಹತ್ತಿರ. 33 ಅಡಿ ಉದ್ದ, ಅಷ್ಟೇ ಅಗಲದ ಒಂದು ಗುಂಟೆ ಎಂದರೆ 1,089 ಚದರ ಅಡಿ, ಸುಮಾರು 101 ಚದರ ಮೀಟರ್. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಪಿಕ್ಸೆಲ್ 100 ಚದರ ಮೀಟರ್. ಹೀಗಾಗಿ ನೀರು ನಿಂತ ಜಾಗವನ್ನು ಪಹಣಿಯ ಗುಂಟೆ ಲೆಕ್ಕದೊಡನೆ ಹೋಲಿಸುವುದು ಸುಲಭ. ಕೆರೆಗಳನ್ನು ಬೆಸೆಯುವ ಕಾಲುವೆಯ ಮಾತು ಬೇರೆ. ಮೂರು ಮೀಟರ್ ಅಗಲದ ಕಾಲುವೆ ನೇರವಾಗಿ ಹಾದುಹೋದರೆ ಪಿಕ್ಸೆಲ್ಲಿನ ಮೂರನೇ ಒಂದು ಭಾಗವನ್ನೂ ತುಂಬದು; ಪಕ್ಕದ ಶೆಡ್ಡು, ರಸ್ತೆಗಳ ಬಣ್ಣದಲ್ಲಿ ಬೆರೆತುಹೋಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ಕೆಳಗಿನ ಕೆರೆಗೆ ಹೋಗುವುದು ಆ ಕಾಲುವೆಯಲ್ಲೇ. ಅದನ್ನು ಬಿಟ್ಟ ಮಾದರಿಗೆ ಮಳೆಗಾಲದ ನೆರೆಯ ಕಾರಣ ತಿಳಿಯದು.

ಆದ್ದರಿಂದ ಕೆರೆ ಎಂಬ ವಸ್ತುವನ್ನೂ ಅದರ ಆಕೃತಿಗಳನ್ನೂ ಬೇರ್ಪಡಿಸಬೇಕು. ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ 2012ರಲ್ಲಿ ಪ್ರಕಟಿಸಿದ ಜಿಯೋಸ್ಪಾರ್ಕಲ್ ಮಾನದಂಡ ಇದಕ್ಕೆ ಅವಕಾಶ ಕೊಟ್ಟಿದೆ. ಕೆರೆಗೆ ಗುರುತು ಒಂದೇ. ಖರಾಬಿನ ಎಲ್ಲೆ, ಆಯಾ ತಿಂಗಳ ನೀರಿನ ಹರವು, ಕಳೆಯ ಹರವು ಇವು ತಂತಮ್ಮ ಆಕರ, ದಿನಾಂಕಗಳೊಡನೆ ಅದಕ್ಕೆ ಜೋಡಣೆಯಾಗಲಿ. ಕಾಲುವೆಯನ್ನು ಎರಡು ಕೆರೆಗಳ ಸಂಬಂಧವಾಗಿ ದಾಖಲಿಸಬೇಕು. ಆಗ ‘ಖರಾಬಿನ ಎಲ್ಲೆಯೊಳಗೆ ಸತತವಾಗಿ ಚಾವಣಿಯೇ ಕಾಣುವ ಗುಂಟೆಗಳು ಯಾವುವು?’ ಎಂಬ ಪ್ರಶ್ನೆಗೆ ಯಂತ್ರವೇ ಪಟ್ಟಿ ಕೊಡಬಲ್ಲದು. ಭೂಮಾಪಕರು ಸ್ಥಳದಲ್ಲಿ ಅಳೆದು ಒತ್ತುವರಿ ಹೌದೋ ಅಲ್ಲವೋ ತೀರ್ಮಾನಿಸಬಹುದು.

2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಹೆಬ್ಬಗೋಡಿಯ ಮೂಲಕ ಬೊಮ್ಮಸಂದ್ರ ತಲುಪಿದೆ. ನೆಲಕ್ಕೆ ಬೇಡಿಕೆ ಏರುವ ಇಂಥ ಕಡೆ, ಬರದ ವರ್ಷದ ಒಂದು ಚಿತ್ರವನ್ನು ನಂಬಿ ಕೆರೆಯನ್ನು ಬಯಲೆಂದು ವರ್ಗೀಕರಿಸುವುದು ಅಪಾಯ. ‘ಈಗ ನೀರಿಲ್ಲ’ ಎಂಬ ಅವಲೋಕನದಿಂದ ‘ಇದು ಕೆರೆಯಲ್ಲ’ ಎಂಬ ತೀರ್ಮಾನಕ್ಕೆ ದಾರಿಯೇ ಇರದಂತೆ ಮಾದರಿಯನ್ನು ಕಟ್ಟಬೇಕು.